ಹಿತ್ತಲ ಬಾಗಿಲು ತೆಗೆಯಿರಿ

ಮದ್ದೂರು ಸೀಮೆಯ ಯಾವ ನಾಲೆಬಯಲಿನ ಊರಿಗಾದರೂ ಬೆಳಿಗ್ಗೆ ಏಳು ಗಂಟೆಗೆ ಹೋಗಿ ನಿಂತುಕೊಳ್ಳಿ. ಕಣ್ಣು ಹಾಯಿಸಿದಷ್ಟೂ ಹಸಿರು: ಆಳೆತ್ತರದ ಕಬ್ಬು, ಮೊಣಕಾಲುದ್ದ ಭತ್ತ, ಬದುವಿನ ಮೇಲೆ ತೆಂಗು. ಆ ಹಸಿರಿನ ನಡುವಿನ ದಾರಿಯಲ್ಲಿ ಒಂದು ಮೊಪೆಡ್ಡು ಬರುತ್ತದೆ. ಹಿಂದೆ ಪ್ಲಾಸ್ಟಿಕ್ ಕ್ರೇಟು, ಮುಂದೆ ಹ್ಯಾಂಡಲಿಗೆ ಕಟ್ಟಿದ ಮೈಕು. ‘ಸೊಪ್ಪು, ಸೊಪ್ಪೂ... ಕೊತ್ತಂಬರಿ, ಮೆಂತ್ಯ, ದಂಟು...’ ಮನೆಮನೆಯ ಬಾಗಿಲು ತೆರೆಯುತ್ತದೆ. ಎರಡೆಕರೆ ನೀರಾವರಿ ಇರುವವರ ಮನೆಯಿಂದಲೂ ನೋಟು ಹೊರಗೆ ಬಂದು, ಬಾಡಿದ ಒಂದು ಹಿಡಿ ಸೊಪ್ಪು ಒಳಗೆ ಹೋಗುತ್ತದೆ.

ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ಹತ್ತನೆಯ ಸಲಕ್ಕೆ ನಗು ಬರಲಿಲ್ಲ.

ಕಾವೇರಿ ಬಾಗಿಲಲ್ಲೇ ಹರಿಯುವಾಗ, ಬಚ್ಚಲ ನೀರೊಂದೇ ಹತ್ತು ಬಗೆಯ ಸೊಪ್ಪು ಸಾಕಬಲ್ಲದು ಎನ್ನುವಾಗ, ಚೆಲ್ಲಿದ ಬೀಜ ಮೂರು ದಿನಕ್ಕೆ ಮೊಳೆಯುವ ಮಣ್ಣು ಕಾಲ ಕೆಳಗೇ ಇರುವಾಗ, ನಾವು ಸೊಪ್ಪಿಗಾಗಿ ಮೊಪೆಡ್ಡಿನ ದಾರಿ ಕಾಯುವವರಾದೆವಲ್ಲ, ಹೇಗೆ? ಬೆಳೆಯಲು ಬಾರದೆಯೇ? ಬರುತ್ತದೆ. ಜಾಗವಿಲ್ಲದೆಯೇ? ಇದೆ. ಹಾಗಾದರೆ ನಮ್ಮನ್ನು ಹಿಡಿದು ನಿಲ್ಲಿಸಿರುವುದು ಏನು?

ಮಂಡ್ಯ, ಮದ್ದೂರು, ಮಳವಳ್ಳಿಯ ತಮ್ಮಂದಿರೇ, ತಂಗಿಯರೇ, ಈ ಪ್ರಶ್ನೆಯನ್ನು ನಾನು ನಿಮ್ಮ ಅಪ್ಪಂದಿರಿಗೆ ಕೇಳುವುದಿಲ್ಲ. ಅವರ ಬೆನ್ನ ಮೇಲಿನ ಹೊರೆ ನನಗೆ ಗೊತ್ತು. ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮುಂದೆ ಇನ್ನೂ ನಲವತ್ತು ಮುಂಗಾರು ಇದೆ.

ನಾಲೆಯನ್ನು ನಾನು ಹಳಿಯುವವನಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಎರಡು ದಶಕ ನಡೆಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆ, ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಆಕಾಶ ನೋಡಿಕೊಂಡು ರಾಗಿ ಬಿತ್ತುತ್ತಿದ್ದ ನಮ್ಮ ಮೂರೂ ತಾಲ್ಲೂಕುಗಳಿಗೆ ನೀರು ತಂದಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಕಬ್ಬಿನ ಕನಸು ಕಂಡರು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನಮ್ಮ ಹೆಂಚಿನ ಮನೆ, ನಮ್ಮ ಕಾಲೇಜಿನ ಫೀಸು, ನಮ್ಮಕ್ಕನ ಓಲೆ, ಎಲ್ಲವೂ ಆ ಚಿಮಣಿಯ ಹೊಗೆಯಿಂದಲೇ ಇಳಿದದ್ದು. ಉಪಕಾರ ಮರೆತು ಮಾತಾಡುವುದು ಮಂಡ್ಯದವರ ಜಾಯಮಾನವಲ್ಲ.

ಆದರೆ ಕಬ್ಬು ಹೊಟ್ಟೆಗೆ ಹಾಕಿಕೊಳ್ಳುವ ಬೆಳೆಯಲ್ಲ. ಅದು ವರ್ಷವಿಡೀ ಗದ್ದೆಯಲ್ಲಿ ನಿಂತು, ಕಟಾವಿನ ಆಳಿಗಾಗಿ ಕಾದು, ಲಾರಿಗಾಗಿ ಕಾದು, ಕಾರ್ಖಾನೆಯ ಗೇಟಿನಲ್ಲಿ ಕಾದು, ಕೊನೆಗೆ ದುಡ್ಡಾಗಿ ಬರುತ್ತದೆ. ಬಂದಾಗ ಬರುತ್ತದೆ. ಅಲ್ಲಿಯವರೆಗೆ ಮನೆಯ ಅಕ್ಕಿ ಅಂಗಡಿಯಿಂದ, ಬೇಳೆ ಅಂಗಡಿಯಿಂದ, ಎಣ್ಣೆ ಅಂಗಡಿಯಿಂದ. ಹಸು ಕರೆದ ಹಾಲು ಪೂರಾ ಡೇರಿಗೆ. ಸಂಜೆ ನೆಂಟರು ಬಂದರೆ ಕಾಫಿಗೆ ಪ್ಯಾಕೆಟ್ ಹಾಲು. ಗದ್ದೆ ದೊಡ್ಡದು, ಅಡುಗೆಮನೆ ಸಾಲದ್ದು. 2015ರಲ್ಲಿ ಇದೇ ಜಿಲ್ಲೆಯಲ್ಲಿ ಕಬ್ಬು ಬೆಳೆದವರು ಒಬ್ಬರ ಹಿಂದೊಬ್ಬರು ಜೀವ ಬಿಟ್ಟರು. ಒಬ್ಬ ರೈತ ತಾನೇ ಬೆಳೆದ ಕಬ್ಬಿಗೆ ಬೆಂಕಿ ಹಚ್ಚಿ ಅದರೊಳಗೆ ನಡೆದುಹೋದ. ಆಗ ನೀವು ಪ್ರೈಮರಿ ಸ್ಕೂಲಿನಲ್ಲೋ ಹೈಸ್ಕೂಲಿನಲ್ಲೋ ಇದ್ದಿರಿ. ಊರಿನ ದೊಡ್ಡವರು ದನಿ ತಗ್ಗಿಸಿ ಮಾತಾಡಿದ್ದು ನಿಮ್ಮ ಕಿವಿಗೆ ಬಿದ್ದಿರಲೇಬೇಕು.

ಸಾಲ ಈಗ ಮೈಕ್ರೋಫೈನಾನ್ಸ್ ಎಂದು ವೇಷ ಬದಲಿಸಿಕೊಂಡಿದೆ. ವಾರಕ್ಕೊಮ್ಮೆ ಬೈಕಿನಲ್ಲಿ ಬರುತ್ತದೆ, ಅವ್ವಂದಿರನ್ನು ಜಗಲಿಯ ಮೇಲೆ ಕೂರಿಸಿ ಕಂತು ಎಣಿಸುತ್ತದೆ. ಈ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಎಷ್ಟು ಹೆಚ್ಚಿತೆಂದರೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ಕಾಲೇನೂ ಉದ್ದವಾಗಲಿಲ್ಲ. ಹಾಸಿಗೆಯೇ ಇನ್ನೊಬ್ಬರದಾಯಿತು.

ಸರಳವಾಗಿ ಬದುಕೋಣ ಎಂದು ನಾನು ಹೇಳುವುದು ಈ ಕಾರಣಕ್ಕೆ. ಸರಳತೆ ಎಂದರೆ ಹರಿದ ಬಟ್ಟೆ ಉಟ್ಟು ಹಳೆಯ ಕಾಲವನ್ನು ಹಾಡಿಹೊಗಳುವುದಲ್ಲ. ಫೋನು ಬಿಸಾಡಿ, ಬೈಕು ಮಾರಿ, ಗುಡ್ಡ ಹತ್ತುವುದೂ ಅಲ್ಲ. ನನ್ನ ಅಜ್ಜಿ ಒಂದು ಮಾತು ಹೇಳುತ್ತಿದ್ದಳು: ‘ಮೊದ್ಲು ಒಲೆ, ಆಮ್ಯಾಕೆ ಸಂತೆ.’ ಮನೆಯ ಒಲೆಗೆ ಬೇಕಾದದ್ದು ಮೊದಲು ನಮ್ಮ ನೆಲದಿಂದ ಬರಲಿ, ಮಿಕ್ಕಿದ್ದು ಸಂತೆಗೆ ಹೋಗಲಿ. ಇಷ್ಟೇ. ಈ ನಾಲ್ಕು ಪದದಲ್ಲಿ ಒಂದು ಸಂಸಾರದ ಸ್ವಾತಂತ್ರ್ಯವೇ ಅಡಗಿದೆ.

ಅಜ್ಜಿಯ ಈ ಮಾತಿನ ಹಿಂದೆ ಒಂದು ದೊಡ್ಡ ವಿದ್ಯೆ ಇತ್ತು. ಅದರ ಹೆಸರು ಅಕ್ಕಡಿ. ಕೇಳಿದ್ದೀರಾ? ನಿಮ್ಮಲ್ಲಿ ಹಲವರು ಕೇಳಿರಲಿಕ್ಕಿಲ್ಲ. ಹೊಲದಲ್ಲಿ ಅಪ್ಪ ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋದರೆ, ಹಿಂದೆ ಅವ್ವ ಸಡ್ಡೆ ಹಿಡಿದು ಆರೇಳು ಸಾಲಿಗೊಂದು ಸಾಲು ಬೇರೆ ಬೀಜ ಬಿಡುತ್ತಾ ಬರುತ್ತಿದ್ದಳು: ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು. ಹೊಲದ ಅಂಚಿಗೆ ಹರಳು. ಒಂದೇ ಮಳೆ, ಒಂದೇ ಉಳುಮೆ, ಒಂದೇ ನೆಲ. ಬೆಳೆ ಮಾತ್ರ ಏಳೆಂಟು. ನೋಡಿ, ಇದರ ಜಾಣತನ ಎಂಥದು! ಅವರೆ ತೊಗರಿಯ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುತ್ತದೆ. ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತದೆ. ಜೋಳದ ತೆನೆಯ ಮೇಲೆ ಕೂರಲು ಬಂದ ಹಕ್ಕಿ ಅವರೆಯ ಹುಳುವನ್ನೂ ಹೆಕ್ಕುತ್ತದೆ. ಮಳೆ ಮುಂಚೆಯೇ ಕೈಕೊಟ್ಟರೆ ರಾಗಿ ಸೊರಗಬಹುದು, ಆಳಕ್ಕೆ ಬೇರು ಬಿಟ್ಟ ತೊಗರಿ ಉಳಿದುಕೊಳ್ಳುತ್ತದೆ. ಒಂದು ಹೋದರೆ ಇನ್ನೊಂದು, ಅದೂ ಹೋದರೆ ಮತ್ತೊಂದು. ಬೆಳೆ ವಿಮೆ ಎಂಬ ಪದ ಹುಟ್ಟುವ ಮೊದಲೇ ನಮ್ಮ ಹೊಲ ತನ್ನ ವಿಮೆಯನ್ನು ತಾನೇ ಮಾಡಿಸಿಕೊಂಡಿತ್ತು.

ಆ ಒಂದು ಹೊಲ ವರ್ಷವಿಡೀ ಅಡುಗೆಮನೆಗೆ ಬರುತ್ತಿತ್ತು. ಮೊದಲು ಕಳೆ ಕೀಳುವಾಗ ಸಿಗುವ ಅಣ್ಣೆ, ಗಣಿಕೆ, ಕಿರಕಸಾಲೆ. ಇವೆಲ್ಲ ಸೇರಿದರೆ ಬೆರಕೆ ಸೊಪ್ಪಿನ ಸಾರು. ಆಮೇಲೆ ಅಲಸಂದೆ. ಆಮೇಲೆ ರಾಗಿ. ಚಳಿ ಕಚ್ಚುವ ಹೊತ್ತಿಗೆ ಸೊನೆ ಅವರೆ. ಊರಿಗೆ ಊರೇ ಘಮ್ಮೆನ್ನುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ತೊಗರಿ. ರಾಗಿ ಹಗೇವಿಗೆ ಹೋದರೆ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ ಎಂದು ಈಗ ಡಬ್ಬಿಯ ಮೇಲೆ ಅಚ್ಚು ಹಾಕಿ ನಮಗೇ ಮಾರುತ್ತಾರೆ. ಮುದ್ದೆ ಉಪ್ಸಾರು ಉಂಡು ಕಬ್ಬಿನ ಹೊರೆ ಹೊತ್ತ ಅಜ್ಜನಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅವನ ಮೂಳೆಗೆ ಗೊತ್ತಿತ್ತು. ಆ ರಾಗಿಯನ್ನೇ ಜೀವನದ ತಪಸ್ಸಾಗಿ ಮಾಡಿಕೊಂಡು, ಆಫ್ರಿಕಾದ ತಳಿಯ ಜೊತೆ ಕೂಡಿಸಿ ‘ಇಂಡಾಫ್’ ಎಂಬ ಹೆಚ್ಚು ಇಳುವರಿಯ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ ದುಡಿದದ್ದೂ ನಮ್ಮದೇ ಮಂಡ್ಯದ ವಿ.ಸಿ. ಫಾರಂನಲ್ಲಿ. ಜಗತ್ತಿಗೆ ರಾಗಿಯ ಪಾಠ ಹೇಳಬೇಕಾದ ನೆಲ ಇದು.

ನಮ್ಮಿಂದ ಇದೆಲ್ಲ ಆಗುತ್ತದೆಯೇ ಎಂದು ನೀವು ಕೇಳಬಹುದು. ದೂರ ಹೋಗಬೇಡಿ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಗೆ ಹೋಗಿ. ಅಲ್ಲಿನ ಕುರಿಗಾಹಿ ಕಾಮೇಗೌಡರು ಗುಡ್ಡದ ಮೇಲೆ ಕುರಿ ಕಾಯುತ್ತಾ, ಬೇಸಿಗೆಯಲ್ಲಿ ಪ್ರಾಣಿ ಪಕ್ಷಿಗಳಿಗೆ ಕುಡಿಯಲು ಹನಿ ನೀರಿಲ್ಲವೆಂದು ನೊಂದು, ಕುರಿ ಮಾರಿದ ದುಡ್ಡಿನಲ್ಲಿ ಹಾರೆ ಗುದ್ದಲಿ ಕೊಂಡು ಕಟ್ಟೆ ತೋಡಲು ನಿಂತರು. ಒಂದಲ್ಲ, ಎರಡಲ್ಲ. 16 ಕಟ್ಟೆ. ಪ್ರಶಸ್ತಿಯ ಹಣ ಬಂದರೆ ಅದೂ ಮಣ್ಣಿಗೇ ಹೋಯಿತು. 2020ರ ಜೂನ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ಅವರ ಹೆಸರು ಹೇಳಿದಾಗ ದೇಶವೆಲ್ಲ ತಿರುಗಿ ನೋಡಿತು. 2022ರಲ್ಲಿ ಕಾಮೇಗೌಡರು ತೀರಿಕೊಂಡರು. ಅವರಿಗೆ ಡಿಗ್ರಿ ಇರಲಿಲ್ಲ, ಬಂಡವಾಳ ಇರಲಿಲ್ಲ, ವಯಸ್ಸೂ ಇರಲಿಲ್ಲ. ನಿಮಗೆ ಇವು ಮೂರರಲ್ಲಿ ಎರಡಾದರೂ ಇವೆಯಲ್ಲ?

ಅದೇ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಇದ್ದಾರೆ. ಮ್ಯೂಸಿಯಂ ನೋಡಿಕೊಳ್ಳುವ ವಿದ್ಯೆ ಕಲಿತವರು. ಹಳೆಯ ನಾಣ್ಯ, ಹಳೆಯ ಕತ್ತಿಗಳ ನಡುವೆ ಕೂರಬೇಕಾಗಿದ್ದವರು ತಮ್ಮ ಗದ್ದೆಯನ್ನೇ ಜೀವಂತ ಮ್ಯೂಸಿಯಂ ಮಾಡಿಬಿಟ್ಟರು. ನೂರಾರು ದೇಸಿ ಭತ್ತದ ತಳಿಗಳನ್ನು ವರ್ಷ ವರ್ಷವೂ ಬಿತ್ತಿ, ಬೆಳೆದು, ಬೀಜ ಉಳಿಸುತ್ತಾರೆ. ಅವರ ಮನೆತನದ ‘ಬಡಾ ಬಾಗ್’ನಲ್ಲಿ ಟಿಪ್ಪುವಿನ ಕಾಲದಿಂದ ಬಂದ ಮಾವಿನ ಮರಗಳಿವೆ. ಕಪಾಟಿನಲ್ಲಿ ಬೀಗ ಹಾಕಿಟ್ಟ ಬೀಜ ಸಾಯುತ್ತದೆ. ಬಿತ್ತಿದ ಬೀಜ ಮಾತ್ರ ಉಳಿಯುತ್ತದೆ. ಈ ಸತ್ಯ ತಿಳಿದ ಮ್ಯೂಸಿಯಂ ಪಾಲಕ ಇನ್ನೆಲ್ಲಿದ್ದಾನೆ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇನ್ನೊಂದು ಬಗೆಯ ಪಾಠಶಾಲೆ. ಹೆಜ್ಜಾರ್ಲೆ, ಕೊಕ್ಕರೆಗಳು ಊರ ನಡುವಿನ ಹುಣಸೆ ಮರದ ಮೇಲೆಯೇ ಗೂಡು ಕಟ್ಟುತ್ತವೆ. ಹುಣಸೆಯ ಫಸಲು ಬಿಟ್ಟುಕೊಟ್ಟು ಹಕ್ಕಿಗಳನ್ನು ಇಟ್ಟುಕೊಂಡ ಊರು ಅದು. ಮರದ ಕೆಳಗೆ ಬಿದ್ದ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಕೊಡುವುದೂ ಪಡೆಯುವುದೂ ಒಂದೇ ಅಂಗಳದಲ್ಲಿ ಮುಗಿಯುತ್ತದೆ. ಸರಳ ಬದುಕಿನ ಪಾಠ ಪಟ್ಟಣದಲ್ಲೂ ಉಂಟು. ಮಂಡ್ಯ ಪಟ್ಟಣದಲ್ಲಿ ‘ಐದು ರೂಪಾಯಿ ಡಾಕ್ಟರ್’ ಎಂದರೆ ಯಾವ ಆಟೋದವನಾದರೂ ನಿಮ್ಮನ್ನು ಡಾ. ಶಂಕರೇಗೌಡರ ಬಳಿ ಬಿಡುತ್ತಾನೆ. ಚರ್ಮರೋಗಕ್ಕೆ ಅವರಲ್ಲಿ ಸಾಲು ನಿಲ್ಲುತ್ತದೆ, ಫೀಸು ಅಷ್ಟೇ. ಅವರೂ ಶಿವಳ್ಳಿಯ ಮಣ್ಣು ಮುಟ್ಟುವ ಬೇಸಾಯಗಾರರೇ.

ಮೇಲುಕೋಟೆ ನಮ್ಮ ಮೂರು ತಾಲ್ಲೂಕಿನ ಗಡಿಯಾಚೆ, ಜಿಲ್ಲೆ ಮಾತ್ರ ಇದೇ. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿ 1960ರಲ್ಲಿ ಅಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ದೇಶದ ದೊಡ್ಡವರ ಒಡನಾಟ ಕಂಡ ಮನುಷ್ಯ ಬೆಟ್ಟದ ಊರಿಗೆ ಬಂದು ಮಕ್ಕಳ ಆರೈಕೆ, ಖಾದಿ ಮಗ್ಗ, ಗಿಡಮೂಲದ ಬಣ್ಣಗಳ ನಡುವೆ ಬಾಳಿದರು. ಅವರ ಮಗ ಸಂತೋಷ್ ಕೌಲಗಿಯೂ ಆ ದಾರಿಯನ್ನೇ ಹಿಡಿದರು. ಅಪ್ಪನ ಸರಳತೆಯನ್ನು ಮಗ ಶಿಕ್ಷೆ ಎಂದು ತಿಳಿಯದೆ ಆಸ್ತಿ ಎಂದು ಸ್ವೀಕರಿಸಿದ್ದು, ನನ್ನ ಮಟ್ಟಿಗೆ, ಆ ಕಥೆಯ ದೊಡ್ಡ ಸಂಗತಿ. ಸಮುದ್ರದಾಚೆಯೂ ಇಂಥವರಿದ್ದರು. ಸ್ಕಾಟ್ ನಿಯರಿಂಗ್ ಮತ್ತು ಹೆಲೆನ್ 1932ರಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ, ನ್ಯೂಯಾರ್ಕ್ ಬಿಟ್ಟು ವರ್ಮಾಂಟಿನ ಹಳ್ಳಿಗಾಡು ಸೇರಿದರು. ಕಲ್ಲಿನ ಮನೆ ತಾವೇ ಕಟ್ಟಿಕೊಂಡರು. ಅರ್ಧ ದಿನ ಅನ್ನಕ್ಕಾಗಿ ದುಡಿತ, ಇನ್ನರ್ಧ ದಿನ ಓದು, ಸಂಗೀತ. ಸರಳ ಬದುಕಿನಲ್ಲಿ ಓದಿಗೂ ಪದಕ್ಕೂ ಬಿಡುವಿರಬೇಕು. ಬಿಡುವೇ ಇಲ್ಲದ ಸರಳತೆ ಬರೀ ಜೀತ.

ಇಲ್ಲಿ ನಿಂತು ಒಂದು ಕಟು ಮಾತು ಹೇಳಬೇಕು. ‘ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆಯೇ ಮೇಲು’ ಎಂದು ವೇದಿಕೆಯಲ್ಲಿ ಗುಡುಗುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ, ಕೇಳಿ ನೋಡಿ. ಹಳೆಯ ಕಾಲದ ಸರಳತೆಯನ್ನು ಬಾಯ್ತುಂಬ ಹೊಗಳುವವರು ಆ ಸರಳತೆಯ ರಾಗಿಕಲ್ಲನ್ನು ಬೀಸಿದವರು ಯಾರು ಎಂದು ಹೇಳುವುದಿಲ್ಲ. ಕೋಳಿ ಕೂಗುವ ಮುಂಚೆ ಎದ್ದು, ಬೀಸಿ, ಸೆಗಣಿ ಬಾಚಿ, ನೀರು ಹೊತ್ತು, ಹೊಗೆಗೆ ಕಣ್ಣು ಕೊಟ್ಟವಳು ಅವ್ವ. ಅವಳ ಬೆನ್ನ ಮೇಲೆ ಕಟ್ಟಿದ ಸರಳತೆ ನಮಗೆ ಬೇಡ. ಇಂದು ಅವಳು ಮನೆಗೆಲಸ ಮುಗಿಸಿ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳೆ, ಸಂಜೆ ಬಂದು ಮತ್ತೆ ಒಲೆ ಮುಂದೆ ಕೂರುತ್ತಾಳೆ. ಆದ್ದರಿಂದ ತಮ್ಮಂದಿರೇ, ಹಿತ್ತಲಿನ ಕೆಲಸ ನಿಮ್ಮದು. ತಿಪ್ಪೆ ತಿರುವುವುದು ನಿಮ್ಮದು. ಸೊಪ್ಪು ಬಿಡಿಸುವುದೂ ನಿಮ್ಮದೇ. ಗ್ರೈಂಡರ್ ಇರಲಿ, ಗ್ಯಾಸು ಇರಲಿ. ಸಾಧ್ಯವಾದರೆ ಗೋಬರ್ ಗ್ಯಾಸು ಬರಲಿ. ಯಂತ್ರ ಬಿಟ್ಟವನು ಸರಳನಲ್ಲ, ಇನ್ನೊಬ್ಬರ ಮೇಲೆ ಭಾರ ಹಾಕದವನು ಸರಳ.

ಇನ್ನು ಭೂಮಿ. ಎಲ್ಲರಿಗೂ ಇಲ್ಲ. ಊರಾಚೆಯ ಕಾಲೋನಿಯಲ್ಲಿ ಒಂದೇ ಸೈಟಿನಲ್ಲಿ ಮೂರು ಸಂಸಾರ ಬಾಳುವಾಗ ‘ಹಿತ್ತಲು ಮಾಡಿಕೊಳ್ಳಿ’ ಎಂದು ಉಪದೇಶ ಮಾಡಲು ನನಗೆ ನಾಲಗೆ ಬಾರದು. ಭೂಮಿ ಇರುವ ಹುಡುಗರು ಇಲ್ಲದ ಹುಡುಗರ ಜೊತೆ ಕೂಡಬೇಕು. ನಮ್ಮಲ್ಲಿ ಮುಯ್ಯಾಳು ಇತ್ತಲ್ಲ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆ ಮುಯ್ಯಿ ಆಗ ಜಾತಿಯ ಗೆರೆಯೊಳಗೇ ನಿಂತಿತ್ತು. ನಿಮ್ಮ ಕಾಲಕ್ಕೆ ಗೆರೆ ದಾಟಲಿ. ಪಾಳು ಬಿದ್ದ ಹೊಲ ಯಾವ ಊರಲ್ಲಿಲ್ಲ? ವಾರಕ್ಕೆ, ಅಂದರೆ ಪಾಲಿಗೆ, ತೆಗೆದುಕೊಳ್ಳಿ, ಐವರು ಕೂಡಿ ಬಿತ್ತಿ, ಐವರೂ ಹಂಚಿಕೊಳ್ಳಿ.

2023ರ ಫೆಬ್ರವರಿಯಲ್ಲಿ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬ್ರಹ್ಮಚಾರಿಗಳ ಪಾದಯಾತ್ರೆ ಹೊರಟದ್ದು ನಿಮಗೆ ನೆನಪಿದೆ. ಬೇಸಾಯಗಾರರಿಗೆ ಹೆಣ್ಣು ಕೊಡುವವರಿಲ್ಲ, ಮಾದಪ್ಪನೇ ದಾರಿ ತೋರಿಸಬೇಕು ಎಂದು ಹೊರಟರು. ಟೀವಿಯವರು ನಕ್ಕರು. ನಾನೂ ಸ್ವಲ್ಪ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ಯೋಚಿಸಿ. ಹೆಣ್ಣು ಹೆದರುತ್ತಿರುವುದು ಮಣ್ಣಿಗೋ, ಸಾಲಕ್ಕೋ? ಹುಡುಗನಿಗೋ, ಅವನ ಮನೆಯ ದುಡಿತಕ್ಕೋ? ಸಾಲವಿಲ್ಲದ, ಕಣಜದಲ್ಲಿ ರಾಗಿ ಇರುವ, ಗಂಡಸೂ ಪಾತ್ರೆ ತೊಳೆಯುವ ಮನೆಯೊಂದನ್ನು ಮೊದಲು ಕಟ್ಟಿ. ಆಮೇಲೆ ಬೆಟ್ಟಕ್ಕೆ ಜೋಡಿಯಾಗಿಯೇ ಹೋಗಬಹುದು.

ಮದುವೆಯ ಮಾತು ಬಂತು, ಆಡಿಯೇ ಬಿಡುತ್ತೇನೆ. ಒಂದು ಬೀಗರ ಊಟಕ್ಕೆ ನಮ್ಮಲ್ಲಿ ಎಷ್ಟು ಗುಂಟೆ ಜಮೀನು ಹೋಗುತ್ತದೆ? ಬಾಡೂಟದ ವಿರೋಧಿ ನಾನಲ್ಲ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕೆಂದು ಎದ್ದ ದನಿಯಲ್ಲಿ ನನ್ನದೂ ಇತ್ತು. ಬಂಡೂರು ಕುರಿ ಹುಟ್ಟಿದ್ದೇ ಮಳವಳ್ಳಿಯ ಬಂಡೂರಿನಲ್ಲಿ. ಅದನ್ನು ಸಾಕಿ, ಉಣ್ಣಿ, ನಾಲ್ಕು ಜನರಿಗೆ ಬಡಿಸಿ. ಆದರೆ ಕೈಸಾಲ ಮಾಡಿ ಸಾವಿರ ಎಲೆ ಹಾಕಿಸಿ, ಊರ ಬಾಗಿಲಿಗೆ ನಮ್ಮದೇ ಮುಖದ ಫ್ಲೆಕ್ಸು ಕಟ್ಟಿ, ಮರುವರ್ಷ ಅದೇ ಗದ್ದೆಯನ್ನು ಭೋಗ್ಯಕ್ಕೆ ಹಾಕುವುದು ಯಾವ ಗೌರವ? ಕುವೆಂಪು ‘ಮಂತ್ರ ಮಾಂಗಲ್ಯ’ದ ದಾರಿ ತೋರಿಸಿ ಎಷ್ಟೋ ಕಾಲವಾಯಿತು. ನಡೆಯುವ ಕಾಲು ನಿಮ್ಮವು.

ನಡೆಯಲು ಧೈರ್ಯ ಬೇಕೆನ್ನುತ್ತೀರಾ? ಶಿವಪುರ ನಮ್ಮದು ತಾನೇ? ಮದ್ದೂರಿನ ಪಕ್ಕದ ಆ ನೆಲದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಬಾವುಟ ಏರಿಸಲು ನೆರೆದವರು ಯಾರು? ಆಕಾಶದಿಂದ ಇಳಿದವರಲ್ಲ. ಇದೇ ಶಿಂಷೆಯ ನೀರು ಕುಡಿದ, ಇದೇ ಮುದ್ದೆ ಉಂಡ, ಇದೇ ಬದುವಿನ ಮೇಲೆ ನಡೆದ ರೈತರ ಮಕ್ಕಳು. ಬಾವುಟ ಏರಿಸಲು ಒಬ್ಬೊಬ್ಬರ ಅಪ್ಪಣೆ ಕಾದು ಕೂತಿದ್ದರೆ ಅದು ಏರುತ್ತಿತ್ತೇ? ಅವರಿಗೆ ಪರದೇಶದ ಆಳ್ವಿಕೆಯಿಂದ ಬಿಡುಗಡೆ ಬೇಕಿತ್ತು. ನಮಗೆ ಕಂತಿನ ಆಳ್ವಿಕೆಯಿಂದ ಬೇಕು, ಪ್ಯಾಕೆಟ್ಟಿನ ಆಳ್ವಿಕೆಯಿಂದ ಬೇಕು, ಪಕ್ಕದ ಮನೆಯವನ ಕಾರಿನ ಆಳ್ವಿಕೆಯಿಂದ ಬೇಕು. ಈ ಸತ್ಯಾಗ್ರಹಕ್ಕೆ ಜೈಲಿಲ್ಲ, ಲಾಠಿಯಿಲ್ಲ. ಇರುವುದು ಒಂದು ಗುದ್ದಲಿ.

ಎಷ್ಟು ನೆಲ ಬೇಕು? ಎಕರೆಗೆ ನಲವತ್ತು ಗುಂಟೆ. ಅದರಲ್ಲಿ ಐದು ಗುಂಟೆ ಮನೆಗೆಂದು ಬಿಡಿ. ಎಂಟರಲ್ಲಿ ಒಂದು ಪಾಲು, ಅಷ್ಟೇ. ಮಿಕ್ಕದ್ದರಲ್ಲಿ ಕಬ್ಬೇ ಇರಲಿ, ಭತ್ತವೇ ಇರಲಿ, ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗುವ ತೆಂಗೇ ಇರಲಿ. ಆ ಐದು ಗುಂಟೆಯಲ್ಲಿ ಬಚ್ಚಲ ನೀರಿಗೆ ಬಾಳೆ, ಮೂಲೆಗೊಂದು ನುಗ್ಗೆ, ಒಂದು ಕರಿಬೇವು, ಎರಡು ಪರಂಗಿ, ಚಪ್ಪರಕ್ಕೆ ಹೀರೆ, ಸೋರೆ, ಚಪ್ಪರದವರೆ, ನೆಲಕ್ಕೆ ದಂಟು, ಹರಿವೆ. ನಾಲ್ಕು ನಾಟಿ ಕೋಳಿ, ಎರಡು ಕುರಿ. ಕಸ ತಿಪ್ಪೆಗೆ, ತಿಪ್ಪೆ ಪಾತಿಗೆ. ನಾಲೆಯ ಕೊನೆಭಾಗದ ಮಳವಳ್ಳಿಯ ಮಕ್ಕಳೇ, ನಿಮಗೆ ನೀರು ಬರುವುದೇ ಕಷ್ಟ, ಬಂದರೂ ಕಟ್ಟು ನೀರು. 2023ರ ಬರ ನಿಮ್ಮ ಗದ್ದೆಯಲ್ಲಿ ಇನ್ನೂ ಬಿರುಕಾಗಿ ಉಳಿದಿದೆ. ಅಕ್ಕಡಿಯ ಹೊಲಕ್ಕೆ ನಿಮಗಿಂತ ಹಕ್ಕುದಾರರು ಇಲ್ಲ. ಮಳೆಯೇ ಸಾಕು ಎನ್ನುವ ಬೆಳೆ ನಿಮ್ಮ ಅಜ್ಜನ ಹೊಲದಲ್ಲಿತ್ತು.

ಬೆಂಗಳೂರಿನಲ್ಲಿ ಇರುವವರಿಗೂ ಒಂದು ಮಾತು. 2023ರಲ್ಲಿ ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾದ ದಶಪಥ ರಸ್ತೆ ಊರನ್ನು ಒಂದು ಗಂಟೆಯ ದಾರಿಗೆ ತಂದು ನಿಲ್ಲಿಸಿದೆ. ಮದ್ದೂರಿಗೇ ಹೋಗದೆ ಮದ್ದೂರನ್ನು ದಾಟಿಹೋಗುವ ರಸ್ತೆ ಅದು. ವಡೆಗಾಗಿ ಕೆಳಗೆ ಇಳಿಯಬೇಕು. ಇಳಿಯಿರಿ. ವಡೆ ತಿಂದು ಹಾಗೆಯೇ ಊರಿಗೆ ಬನ್ನಿ. ಅಮೆರಿಕದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಮಧು ಚಂದನ್ 2015ರಲ್ಲಿ ರೈತರನ್ನು ಕೂಡಿಸಿ ‘ಆರ್ಗ್ಯಾನಿಕ್ ಮಂಡ್ಯ’ ಆರಂಭಿಸಿದ್ದು ಈ ಹೆದ್ದಾರಿಯ ಅಂಚಿನಲ್ಲೇ. ಎಲ್ಲರೂ ಕೆಲಸ ಬಿಟ್ಟು ಬನ್ನಿ ಎನ್ನುವುದಿಲ್ಲ. ಶನಿವಾರ ಬನ್ನಿ. ಮನೆಯ ಹಿಂದೆ ಪಾತಿ ಮಾಡಿ, ಹೋಗುವಾಗ ಅಪ್ಪನ ಕೈಗೆ ದುಡ್ಡಿನ ಜೊತೆ ಒಂದು ದಿನದ ದುಡಿಮೆಯನ್ನೂ ಕೊಟ್ಟುಹೋಗಿ.

ಬೀಜ ಎಲ್ಲಿ ಎಂದು ಅಂಗಡಿಗೆ ಓಡಬೇಡಿ. ನಿಮ್ಮ ಮನೆಯ ಅಟ್ಟದ ಮೇಲೆ, ಕಪ್ಪು ಹಿಡಿದ ತೊಲೆಯ ಪಕ್ಕ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು ಇರಬಹುದು. ಬೂದಿ ಬೆರೆಸಿಟ್ಟ ಅವರೆ, ಬಾಟಲಿಯಲ್ಲಿ ಹಾಕಿಟ್ಟ ಹುಚ್ಚೆಳ್ಳು, ಒಣಗಿಸಿ ನೇತುಹಾಕಿದ ಹೀರೆಕಾಯಿ. ಅಜ್ಜಿಯನ್ನು ಕೇಳಿ. ಯಾವ ಮಳೆಗೆ ಬಿತ್ತಬೇಕು, ಎಷ್ಟು ಸಾಲಿಗೆ ಎಷ್ಟು, ಯಾವ ಸೊಪ್ಪು ಕಳೆಯಲ್ಲ, ಎಲ್ಲವನ್ನೂ ಕೇಳಿ. ಕಿವಿ ಸ್ವಲ್ಪ ಮಂದವಾಗಿರಬಹುದು, ಜೋರಾಗಿ ಕೇಳಿ. ಅವಳು ಇರುವಾಗಲೇ ಕೇಳಿ. ಇವತ್ತೇ ಕೇಳಿ.